ಸೀಟ್ ಬೆಲ್ಟ್: ಮುಂದಿನ ಸೀಟಿಗೆ ಬಂತು, ಹಿಂದಿನ ಸೀಟಿಗೆ ಯಾವಾಗ?



ಹಬ್ಬದ ರಜೆ ಬಂತೆಂದರೆ ಮುಂಬೈ, ಪುಣೆಯಲ್ಲಿರುವ ನಮ್ಮವರ ಕಾರುಗಳು ಬೆಳಗಾವಿ, ಹುಬ್ಬಳ್ಳಿ, ಉಡುಪಿಯ ದಾರಿ ಹಿಡಿಯುತ್ತವೆ. ಹೈದರಾಬಾದಿನವರು ರಾಯಚೂರು, ಕಲಬುರಗಿಯ ಕಡೆ, ಚೆನ್ನೈನವರು ಕೋಲಾರ, ಬೆಂಗಳೂರಿನ ಕಡೆ. ಮುಂದೆ ಕೂತ ಇಬ್ಬರು ಪೊಲೀಸರಿಗೆ ಹೆದರಿಯೋ ಅಭ್ಯಾಸಬಲದಿಂದಲೋ ಬೆಲ್ಟ್ ಎಳೆದುಕೊಳ್ಳುತ್ತಾರೆ. ಹಿಂದಿನ ಸೀಟಿನಲ್ಲಿ ಅಜ್ಜಿ, ಇಬ್ಬರು ಮಕ್ಕಳು, ಒಂದು ಚಕ್ಕುಲಿ ಡಬ್ಬಿ. ಅಲ್ಲಿ ಬೆಲ್ಟಿನ ಮಾತೇ ಇಲ್ಲ. ಯಾರಾದರೂ ನೆನಪಿಸಿದರೆ, "ಹಿಂದೆ ಕೂತವರಿಗೆ ಯಾಕ್ರೀ ಬೆಲ್ಟು?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಸೀಟ್ ಬೆಲ್ಟ್ ನಿಜವಾಗಿ ಜೀವ ಉಳಿಸುತ್ತದೆಯೇ? ಅಥವಾ ಇದು ಬರೀ ದಂಡ ವಸೂಲಿಯ ನೆಪವೇ? ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಹಲವರು ಕೇಳಿದ್ದಾರೆ. ಕೆಲವರು ತಮ್ಮ ಮೈಮೇಲೇ ಪ್ರಯೋಗ ಮಾಡಿಕೊಂಡು ಉತ್ತರ ಹುಡುಕಿದ್ದಾರೆ. ಈ ಸಲ ಆ ಕಥೆಯನ್ನು ನಿಮ್ಮ ಮುಂದಿಡೋಣ ಎನಿಸಿತು.

ಬದುಕಿ ಉಳಿದವನ ಪ್ರಶ್ನೆ

1917ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಹ್ಯೂ ಡಿಹೇವನ್ ಎಂಬ ಅಮೆರಿಕದ ಯುವಕ ಟೆಕ್ಸಾಸ್‌ನಲ್ಲಿ ವಿಮಾನ ಹಾರಿಸುವ ತರಬೇತಿ ಪಡೆಯುತ್ತಿದ್ದ. ಆಕಾಶದಲ್ಲೇ ಎರಡು ವಿಮಾನಗಳು ಡಿಕ್ಕಿಯಾಗಿ ನೆಲಕ್ಕೆ ಬಿದ್ದವು. ಡಿಹೇವನ್ ಬದುಕಿ ಉಳಿದ. ಆದರೆ ಹೊಟ್ಟೆಯೊಳಗಿನ ಅಂಗಗಳಿಗೆ ಭಾರಿ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ತಲೆಗೆ ಹೊಕ್ಕದ್ದು ಎರಡು ಪ್ರಶ್ನೆ: ನಾನು ಹೇಗೆ ಉಳಿದೆ? ನನ್ನ ಹೊಟ್ಟೆಗೆ ಈ ಗಾಯ ಮಾಡಿದ್ದು ಏನು? ಎರಡನೆಯದಕ್ಕೆ ಅವನಿಗೆ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಅವನು ಕಟ್ಟಿಕೊಂಡಿದ್ದ ಬೆಲ್ಟಿನ ಬಕಲ್ಲೇ ಹೊಟ್ಟೆಗೆ ಒತ್ತಿತ್ತು!

"ಹಣೆಯಲ್ಲಿ ಬರೆದಿತ್ತು, ಉಳಿದೆ" ಎಂದು ಡಿಹೇವನ್ ಸುಮ್ಮನಾಗಲಿಲ್ಲ. ಎತ್ತರದ ಕಟ್ಟಡಗಳಿಂದ ಬಿದ್ದೂ ಬದುಕಿದವರ ವಿವರಗಳನ್ನು ಕಲೆಹಾಕಿ 1942ರಲ್ಲಿ ಒಂದು ಪ್ರಬಂಧ ಬರೆದರು. ಐವತ್ತರಿಂದ ನೂರೈವತ್ತು ಅಡಿ ಎತ್ತರದಿಂದ ಬಿದ್ದವರೂ ಅದರಲ್ಲಿದ್ದರು. ಅವರ ತೀರ್ಮಾನ ಸರಳ. ಮನುಷ್ಯನನ್ನು ಕೊಲ್ಲುವುದು ಬೀಳುವುದಲ್ಲ, ಥಟ್ಟನೆ ನಿಲ್ಲುವುದು. ಪೆಟ್ಟನ್ನು ಮೈಯ ಗಟ್ಟಿ ಭಾಗಗಳ ಮೇಲೆ ಹಂಚಿ, ನಿಲ್ಲುವ ಅವಧಿಯನ್ನು ಒಂದಿಷ್ಟು ಹಿಗ್ಗಿಸಿದರೆ ನಮ್ಮ ದೇಹ ನಾವು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ತಾಳಿಕೊಳ್ಳುತ್ತದೆ. ಗಾಜಿನ ಸಾಮಾನನ್ನು ಡಬ್ಬಿಯಲ್ಲಿ ಅಲುಗಾಡದಂತೆ ಪ್ಯಾಕ್ ಮಾಡುವ ನಾವು, ಮನುಷ್ಯರನ್ನು ಕಾರಿನಲ್ಲಿ ಹಾಗೇ ತುಂಬಿಸಿ ಕಳಿಸುತ್ತೇವಲ್ಲ ಎಂಬುದು ಅವರ ತಕರಾರು.

ಇದನ್ನು ಮೈಮೇಲೆ ಪರೀಕ್ಷಿಸಿಕೊಂಡವರು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್. 1954ರ ಡಿಸೆಂಬರ್ 10ರಂದು ಹಳಿಯ ಮೇಲೆ ಓಡುವ ರಾಕೆಟ್ ಗಾಡಿಯೊಂದರಲ್ಲಿ ಮೈಯೆಲ್ಲ ಪಟ್ಟಿ ಬಿಗಿದುಕೊಂಡು ಕೂತರು. ಗಾಡಿ ಗಂಟೆಗೆ 1,017 ಕಿ.ಮೀ. ವೇಗ ಮುಟ್ಟಿ, ಸುಮಾರು 1.4 ಸೆಕೆಂಡಿನಲ್ಲಿ ನಿಂತಿತು. ಅವರ ದೇಹ ತಾಳಿದ್ದು ತನ್ನ ತೂಕದ 46 ಪಟ್ಟು ಒತ್ತಡ. ಕಣ್ಣಿಗೆ ರಕ್ತ ನುಗ್ಗಿ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆದರೆ ಚೇತರಿಸಿಕೊಂಡರು, 1999ರವರೆಗೆ ಬಾಳಿದರು. ವಾಯುಪಡೆ ತನ್ನ ಜನರನ್ನು ವಿಮಾನಗಳಲ್ಲಿ ಕಳೆದುಕೊಳ್ಳುವಷ್ಟೇ ಕಾರುಗಳಲ್ಲೂ ಕಳೆದುಕೊಳ್ಳುತ್ತಿದೆ ಎಂಬುದು ಅವರ ಗಮನಕ್ಕೆ ಬಂದಿತ್ತು. 1955ರಿಂದ ಕಾರು ಅಪಘಾತಗಳ ಬಗ್ಗೆಯೇ ವಿಜ್ಞಾನಿಗಳ ಸಮ್ಮೇಳನ ಸೇರಿಸತೊಡಗಿದರು.

ಒಂದೇ ಕೈಯಲ್ಲಿ ಹಾಕುವ ಬೆಲ್ಟ್

ಆ ಕಾಲದ ಕಾರುಗಳಲ್ಲಿ ಬೆಲ್ಟ್ ಇರಲೇ ಇಲ್ಲ ಎಂದಲ್ಲ. ಅಮೆರಿಕದ ನ್ಯಾಶ್ ಕಂಪನಿ 1949ರಲ್ಲೇ ಸೊಂಟದ ಪಟ್ಟಿ ಕೊಟ್ಟಿತ್ತು. ಆದರೆ ಬರೀ ಸೊಂಟಕ್ಕೆ ಕಟ್ಟಿದರೆ ಎದೆ, ತಲೆ ಮುಂದಕ್ಕೆ ಬಡಿಯುತ್ತದೆ. ಬಕಲ್ ಹೊಟ್ಟೆಯ ಮೇಲಿದ್ದರೆ ಡಿಹೇವನ್‌ಗೆ ಆದದ್ದೇ ಆಗುತ್ತದೆ.

ಇದಕ್ಕೆ ಪರಿಹಾರ ಕಂಡುಕೊಂಡವರು ಸ್ವೀಡನ್ನಿನ ನಿಲ್ಸ್ ಬೋಲಿನ್. ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳನ್ನು ಸೀಟಿನ ಸಮೇತ ಹೊರಗೆ ಚಿಮ್ಮಿಸುವ ವ್ಯವಸ್ಥೆ ರೂಪಿಸುತ್ತಿದ್ದ ಇವರನ್ನು 1958ರಲ್ಲಿ ವೋಲ್ವೋ ಕರೆಸಿಕೊಂಡಿತು. ಪೈಲಟ್‌ಗಳಾದರೆ ಎಷ್ಟು ಪಟ್ಟಿ ಬಿಗಿದರೂ ಸುಮ್ಮನಿರುತ್ತಾರೆ, ಕಾರಿನಲ್ಲಿ ಕೂರುವ ನಮ್ಮಂಥವರು ಒಂದು ನಿಮಿಷದ ಕಿರಿಕಿರಿಯನ್ನೂ ಸಹಿಸುವುದಿಲ್ಲ ಎಂಬುದು ಬೋಲಿನ್‌ಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಒಂದೇ ಪಟ್ಟಿ, ಮೂರು ಕಡೆ ಹಿಡಿತ, ಬಕಲ್ ಸೊಂಟದ ಪಕ್ಕಕ್ಕೆ. ಒಂದು ಕೈಯಲ್ಲಿ ಎಳೆದು ಸಿಕ್ಕಿಸಿದರೆ ಮುಗಿಯಿತು. ಪೆಟ್ಟು ಬೀಳುವುದು ಎದೆಗೂಡು ಮತ್ತು ಸೊಂಟದ ಮೂಳೆಯ ಮೇಲೆ. ಇಂದು ನಿಮ್ಮ ಕಾರಿನಲ್ಲಿರುವುದು ಅದೇ ಬೆಲ್ಟ್.

1959ರ ಆಗಸ್ಟ್ 13ರಂದು ಈ ಬೆಲ್ಟ್ ಇದ್ದ ಮೊದಲ ಕಾರು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಊರಿನ ಡೀಲರ್ ಕೈಸೇರಿತು. ವೋಲ್ವೋ ಆ ಪೇಟೆಂಟನ್ನು ತನ್ನಲ್ಲೇ ಬಚ್ಚಿಟ್ಟುಕೊಳ್ಳದೆ ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟಿತು.

ಇಷ್ಟಾದರೂ ಜನ ನಂಬಬೇಕಲ್ಲ! ಅದಕ್ಕೆ ಬೋಲಿನ್ ಲೆಕ್ಕ ಹಾಕಿದರು. ಸ್ವೀಡನ್ನಿನಲ್ಲಿ ವೋಲ್ವೋ ಕಾರುಗಳಿಗೆ ಆದ 28,000 ಅಪಘಾತಗಳ ವರದಿಯನ್ನು 1967ರಲ್ಲಿ ಸ್ಟ್ಯಾಪ್ ಹುಟ್ಟುಹಾಕಿದ ಅದೇ ಸಮ್ಮೇಳನದ ಮುಂದಿಟ್ಟರು. ಬೆಲ್ಟ್ ಹಾಕದವರು ಗಂಟೆಗೆ 20 ಕಿ.ಮೀ. ಆಸುಪಾಸಿನ ವೇಗದಲ್ಲೂ ಸತ್ತಿದ್ದರು. ಬೆಲ್ಟ್ ಹಾಕಿದವರಲ್ಲಿ ಸುಮಾರು 95 ಕಿ.ಮೀ. ವೇಗದವರೆಗೆ ಒಂದು ಸಾವೂ ಇರಲಿಲ್ಲ.

ಕೊಟ್ಟರೂ ಹಾಕದವರು

ಬೆಲ್ಟ್ ಕೊಡುವುದು ಬೇರೆ, ಹಾಕಿಸುವುದು ಬೇರೆ. "ಬೆಂಕಿ ಹತ್ತಿದರೆ ಒಳಗೇ ಸಿಕ್ಕಿಬೀಳುತ್ತೇವೆ", "ಹೊರಗೆ ಎಸೆಯಲ್ಪಟ್ಟರೆ ಬಚಾವಾಗುತ್ತೇವೆ" ಎಂಬ ಮಾತುಗಳು ಎಲ್ಲ ದೇಶಗಳಲ್ಲೂ ಕೇಳಿಬಂದವು. ಬೆಂಕಿ ಹತ್ತುವ, ನೀರಿಗೆ ಬೀಳುವ ಅಪಘಾತಗಳು ತೀರಾ ಕಡಿಮೆ. ಅಂಥ ಹೊತ್ತಿನಲ್ಲೂ ಎಚ್ಚರ ತಪ್ಪದೆ ಇದ್ದವನೇ ಬಾಗಿಲು ತೆಗೆದು ಹೊರಬರಬಲ್ಲ. ಆ ಎಚ್ಚರವನ್ನು ಉಳಿಸುವುದೂ ಬೆಲ್ಟೇ. ಇನ್ನು ಹೊರಗೆ ಎಸೆಯಲ್ಪಟ್ಟವರು ಬೀಳುವುದು ಹೂವಿನ ಹಾಸಿಗೆಯ ಮೇಲಲ್ಲ, ಡಾಂಬರಿನ ಮೇಲೆ.

ಕಾನೂನು ಮಾಡುವ ಧೈರ್ಯ ಮೊದಲು ತೋರಿಸಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. 1970ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ 1,061 ಮಂದಿ ಸತ್ತರು. ಅದೇ ವರ್ಷದ ಡಿಸೆಂಬರ್ 22ರಿಂದ ಬೆಲ್ಟ್ ಹಾಕುವುದು ಕಡ್ಡಾಯವಾಯಿತು. ಮುಂದೆಂದೂ ಆ ರಾಜ್ಯದಲ್ಲಿ ಸಾವಿನ ಸಂಖ್ಯೆ ಅಷ್ಟು ಎತ್ತರಕ್ಕೆ ಏರಲಿಲ್ಲ.

ಅಮೆರಿಕದ ದಾರಿ ಬೇರೆ. 1974ರ ಮಾದರಿಯ ಕಾರುಗಳಲ್ಲಿ ಬೆಲ್ಟ್ ಹಾಕದಿದ್ದರೆ ಎಂಜಿನ್ನೇ ಸ್ಟಾರ್ಟ್ ಆಗದ ವ್ಯವಸ್ಥೆ ಬಂತು. ಪಕ್ಕದ ಸೀಟಿನ ಮೇಲೆ ದಿನಸಿ ಚೀಲ ಇಟ್ಟರೂ ಕಾರು ಮುಷ್ಕರ ಹೂಡುತ್ತಿತ್ತು. ಜನ ರೊಚ್ಚಿಗೆದ್ದರು. ಅದೇ ವರ್ಷ ಅಲ್ಲಿನ ಸಂಸತ್ತು ಆ ನಿಯಮವನ್ನೇ ಕಿತ್ತುಹಾಕಿತು. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಚರ್ಚೆ ನಡೆದು, 1983ರ ಜನವರಿ 31ರಿಂದ ಮುಂದಿನ ಸೀಟಿನವರಿಗೆ ಬೆಲ್ಟ್ ಕಡ್ಡಾಯವಾಯಿತು. ಹತ್ತರಲ್ಲಿ ನಾಲ್ವರು ಮಾತ್ರ ಹಾಕುತ್ತಿದ್ದ ಕಡೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಹಾಕತೊಡಗಿದರು.

ಅನುಮಾನ ಪಟ್ಟ ಪಂಡಿತರು

ಎಲ್ಲರೂ ತಲೆಯಾಡಿಸಿದರೆಂದು ತಿಳಿಯಬೇಡಿ. 1975ರಲ್ಲಿ ಷಿಕಾಗೋದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್, ಎಂಬತ್ತರ ದಶಕದಲ್ಲಿ ಲಂಡನ್ನಿನ ಭೂಗೋಳ ಪ್ರಾಧ್ಯಾಪಕ ಜಾನ್ ಆಡಮ್ಸ್ ಒಂದು ಗಟ್ಟಿ ಆಕ್ಷೇಪ ಎತ್ತಿದರು. ಡಿಕ್ಕಿಯ ಕ್ಷಣದಲ್ಲಿ ಬೆಲ್ಟ್ ಕಾಯುತ್ತದೆ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಅವರ ಅಂಜಿಕೆ ಬೇರೆ: ಬೆಲ್ಟ್ ಕೊಟ್ಟ ಧೈರ್ಯದಲ್ಲಿ ಚಾಲಕ ಇನ್ನೂ ಜೋರಾಗಿ ಓಡಿಸಿದರೆ? ಅವನು ಉಳಿದು, ದಾರಿಯಲ್ಲಿ ನಡೆಯುವವರು ಸತ್ತರೆ?

ಕೇಳಬೇಕಾದ ಪ್ರಶ್ನೆಯೇ. ಇದರ ಜೊತೆ ಇನ್ನೊಂದು ತೊಡಕೂ ಇತ್ತು. ಬೆಲ್ಟ್ ಹಾಕುವವರು ಸ್ವಭಾವದಿಂದಲೇ ಜಾಗರೂಕರು. ಅವರು ಬದುಕಿದ್ದು ಬೆಲ್ಟಿನಿಂದಲೋ, ಜಾಗರೂಕತೆಯಿಂದಲೋ? ಇದನ್ನು ಬಿಡಿಸಿದವರು ಜನರಲ್ ಮೋಟಾರ್ಸ್‌ನಲ್ಲಿದ್ದ ವಿಜ್ಞಾನಿ ಲಿಯೊನಾರ್ಡ್ ಇವಾನ್ಸ್. ಒಂದೇ ಕಾರಿನಲ್ಲಿ ಜೊತೆಗೆ ಕೂತ ಇಬ್ಬರನ್ನು ಅವರು ಹೋಲಿಸಿದರು. ಕಾರು ಅದೇ, ವೇಗ ಅದೇ, ಡಿಕ್ಕಿಯೂ ಅದೇ. ಒಬ್ಬ ಬೆಲ್ಟ್ ಹಾಕಿದ್ದ, ಇನ್ನೊಬ್ಬ ಹಾಕಿರಲಿಲ್ಲ. ಇಬ್ಬರೂ ಹಾಕದಿದ್ದ ಕಾರುಗಳ ಜೊತೆ ಇವನ್ನು ತಾಳೆ ನೋಡಿದರು. 1986ರಲ್ಲಿ ಹೊರಬಂದ ಅವರ ಲೆಕ್ಕದಲ್ಲಿ ಮುಂದಿನ ಸೀಟಿನವರ ಸಾವಿನ ಅಪಾಯ ನೂರಕ್ಕೆ ನಲವತ್ತಕ್ಕಿಂತ ತುಸು ಹೆಚ್ಚು ಇಳಿದಿತ್ತು. ಅಮೆರಿಕದ ಸರ್ಕಾರಿ ಅಂದಾಜೂ ಹೆಚ್ಚುಕಡಿಮೆ ಅಷ್ಟೇ, ಶೇಕಡಾ 45. ಚಾಲಕರು ಹುಂಬರಾಗುತ್ತಾರೆ ಎಂಬ ವಾದವನ್ನು ಅಲ್ಮಾ ಕೊಹೆನ್ ಮತ್ತು ಲಿರಾನ್ ಐನಾವ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಅಂಕಿಅಂಶ ಇಟ್ಟುಕೊಂಡು ಪರೀಕ್ಷಿಸಿ, 2003ರಲ್ಲಿ ಪ್ರಕಟಿಸಿದರು. ಅದಕ್ಕೆ ಪುರಾವೆ ಸಿಗಲಿಲ್ಲ. ಬೆಲ್ಟಿನಿಂದ ಸಾವು ಇಳಿದದ್ದು ಮಾತ್ರ ನಿಜವಾಗಿತ್ತು.

ನಮ್ಮ ದೇಶದಲ್ಲಿ

ಕಾರು ಅಪಘಾತ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು 1990ರ ಸೆಪ್ಟೆಂಬರ್ 30. ಮುಂಬೈಯ ಮರಾಠಿ ರಂಗಭೂಮಿಯಿಂದ ಬಂದು ಕನ್ನಡದ ಕಣ್ಮಣಿಯಾಗಿದ್ದ ಶಂಕರ್ ನಾಗ್ ಅಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ತೀರಿಕೊಂಡರು. ಬೆಲ್ಟ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ಆಗ ನಮ್ಮಲ್ಲಿ ಆ ಪ್ರಶ್ನೆ ಏಳುವ ಕಾಲವೇ ಬಂದಿರಲಿಲ್ಲ. ಅಂಬಾಸಡರ್, ಪದ್ಮಿನಿ ಕಾರುಗಳ ಮುಂದಿನ ಬೆಂಚಿನಲ್ಲಿ ಮೂರು ನಾಲ್ಕು ಜನ ಒತ್ತೊತ್ತಾಗಿ ಕೂರುತ್ತಿದ್ದ ದಿನಗಳವು. ಹೊಸ ಕಾರುಗಳ ಮುಂದಿನ ಸೀಟಿಗೆ ಬೆಲ್ಟ್ ಇರಲೇಬೇಕೆಂದು ನಿಯಮ ತಿದ್ದಿದ್ದು 1993ರಲ್ಲಿ. ಜಾರಿಗೆ ಬಂದದ್ದು 1994ರಲ್ಲಿ.

ನಿಮಗೆ ಗೊತ್ತೇ? ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮದ ಪ್ರಕಾರ ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನಲ್ಲಿ ಕೂತವರೂ ಬೆಲ್ಟ್ ಹಾಕಲೇಬೇಕು. ಕಾನೂನು ಇದೆ. ಅದು ನೆನಪಾಗುವುದು ಮಾತ್ರ ದೊಡ್ಡವರು ಯಾರಾದರೂ ಸತ್ತಾಗ.

2014ರ ಜೂನ್ 3ರಂದು ದೆಹಲಿಯಲ್ಲಿ ಕೇಂದ್ರ ಸಚಿವ ಗೋಪಿನಾಥ್ ಮುಂಡೆ ಕಾರಿನ ಹಿಂದಿನ ಸೀಟಿನಲ್ಲಿದ್ದರು. ಸಚಿವರಾಗಿ ಹತ್ತು ದಿನವೂ ಕಳೆದಿರಲಿಲ್ಲ. ಹಿಂದಿನ ಸೀಟಿನ ಬೆಲ್ಟ್ ಬರೀ ಅಲಂಕಾರಕ್ಕೆ ಎಂಬ ತಪ್ಪು ತಿಳಿವಳಿಕೆಯಿಂದ ಗೆಳೆಯನನ್ನು ಕಳೆದುಕೊಂಡೆವು ಎಂದು, ಸ್ವತಃ ವೈದ್ಯರಾದ ಅಂದಿನ ಆರೋಗ್ಯ ಸಚಿವ ಹರ್ಷವರ್ಧನ್ ಮರುಗಿದರು. 2022ರ ಸೆಪ್ಟೆಂಬರ್ 4ರಂದು ಮುಂಬೈ-ಅಹಮದಾಬಾದ್ ಹೆದ್ದಾರಿಯ ಪಾಲ್ಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಇದ್ದ ಕಾರು ಸೇತುವೆಗೆ ಬಡಿಯಿತು. ಕಾರಿನಲ್ಲಿ ನಾಲ್ವರಿದ್ದರು. ಮುಂದಿನ ಇಬ್ಬರು ಗಾಯಗೊಂಡರೂ ಬದುಕಿದರು. ಹಿಂದಿನ ಇಬ್ಬರು ಉಳಿಯಲಿಲ್ಲ. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದರು ಪೊಲೀಸರು. ಅದೇ ವರ್ಷದ ನವೆಂಬರ್ 1ರಿಂದ ಮುಂಬೈ ಪೊಲೀಸರು ಕಾರಿನಲ್ಲಿರುವ ಎಲ್ಲರಿಗೂ ಬೆಲ್ಟ್ ಬೇಕು ಎಂದು ಬಿಗಿ ಮಾಡಿದರು.

ಅಮೆರಿಕನ್ನರು 1974ರಲ್ಲಿ ರೊಚ್ಚಿಗೆದ್ದರೆ, ನಾವು ಉಪಾಯ ಹುಡುಕಿದೆವು! ಬೆಲ್ಟ್ ಹಾಕದಿದ್ದರೂ ಅಲಾರಂ ಬಡಿದುಕೊಳ್ಳದಂತೆ ಬಕಲ್‌ಗೆ ಸಿಕ್ಕಿಸುವ ಪುಟ್ಟ ಕ್ಲಿಪ್ ಆನ್‌ಲೈನಿನಲ್ಲಿ ಬಿಸಿ ಬೋಂಡದಂತೆ ಮಾರಾಟವಾಯಿತು. 2023ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಮಾರಾಟ ಜಾಲಗಳಿಗೆ ಆದೇಶ ಕೊಟ್ಟು ಅವನ್ನು ತೆಗೆಸಬೇಕಾಯಿತು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715. ಅವರಲ್ಲಿ 8,331 ಮಂದಿ ಚಾಲಕರಲ್ಲ, ಪ್ರಯಾಣಿಕರು. ಬೆಲ್ಟ್ ಹಾಕಿದ್ದರೆ ಎಲ್ಲರೂ ಬದುಕುತ್ತಿದ್ದರು ಎನ್ನುವಂತಿಲ್ಲ. ಕಾಲುಭಾಗ ಮಂದಿ ಉಳಿದಿದ್ದರೂ ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಆ ವರ್ಷ ಅಳು ಕೇಳುತ್ತಿರಲಿಲ್ಲ.

ಹಿಂದೆ ಕೂತವರ ಲೆಕ್ಕ

ಗಂಟೆಗೆ 50 ಕಿ.ಮೀ. ವೇಗದ ಡಿಕ್ಕಿ ಎಂದರೆ ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ಬಿದ್ದಂತೆ. 100 ಕಿ.ಮೀ. ಆದರೆ ಎತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಕಾರು ನಿಂತರೂ ಹಿಂದೆ ಕೂತವರ ಮೈ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಅದು ಬಡಿಯುವುದು ಮುಂದೆ ಕೂತವರ ಬೆನ್ನಿಗೆ. ಹಿಂದಿನವರು ಬೆಲ್ಟ್ ಹಾಕದಿದ್ದರೆ, ಬೆಲ್ಟ್ ಹಾಕಿ ಮುಂದೆ ಕೂತವರ ಸಾವಿನ ಅಪಾಯವೂ ಸುಮಾರು ಐದು ಪಟ್ಟು ಏರುತ್ತದೆ ಎಂದು ಜಪಾನಿನ ಸಂಶೋಧಕರು 2002ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ತೊಡೆಯ ಮೇಲಿನ ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕಲ್ಲವೇ ಎನ್ನುತ್ತೀರಾ? 50 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಹತ್ತು ಕೆ.ಜಿ.ಯ ಮಗು ಆ ಕ್ಷಣಕ್ಕೆ 140 ಕೆ.ಜಿ. ತೂಗುತ್ತದೆ. ಯಾವ ತಾಯಿಯ ತೋಳಿಗೂ ಆ ಶಕ್ತಿಯಿಲ್ಲ. ಮಗುವಿಗೆ ಅದರದೇ ಸೀಟು ಬೇಕು.

ಬೆಲ್ಟ್ ಜೀವ ಉಳಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಅರ್ಧ ಶತಮಾನ ದಾಟಿದೆ. ಉಳಿದಿರುವುದು ಆ ಉತ್ತರವನ್ನು ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ದಾಟಿಸುವ ಕೆಲಸ. ಅದನ್ನು ಯಾವ ಸರ್ಕಾರಕ್ಕೂ ಕಾಯದೆ ನೀವೇ ಮಾಡಬಹುದು. ಈ ಭಾನುವಾರ ಕಾರಿನ ಹಿಂದಿನ ಬಾಗಿಲು ತೆರೆದು ನೋಡಿ. ಸೀಟ್ ಕವರ್ ಹೊಲಿಸಿದಾಗ ಬಕಲ್‌ಗಳು ಅದರಡಿ ಹೂತುಹೋಗಿರಬಹುದು. ಕೈ ಹಾಕಿ ಹೊರಗೆಳೆಯಿರಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಲಿ. ಮೇಲಿನದು ಕುತ್ತಿಗೆಗೆ ತಾಗದೆ ಭುಜದ ಮೇಲೆ ಹಾಯಲಿ. ಅಜ್ಜಿ ಗೊಣಗಬಹುದು. "ನಿಮ್ಮ ಮೊಮ್ಮಗ ಮುಂದೆ ಕೂತಿದ್ದಾನಲ್ಲ ಅಜ್ಜಿ, ಇದು ಅವನಿಗೋಸ್ಕರವೂ ಹೌದು" ಎಂದು ಹೇಳಿ ನೋಡಿ. ಒಪ್ಪುತ್ತಾರೆ.