ಪರೀಕ್ಷೆಗೆ ಬಾರದ ಪ್ರಶ್ನೆ

1978ರಲ್ಲಿ ನಾನು ಎಂ.ಎಸ್ಸಿ. ಓದುತ್ತಿದ್ದಾಗ ಭೌತಶಾಸ್ತ್ರದ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಒಂದು ದಿನ ಧೈರ್ಯ ಮಾಡಿ ಎದ್ದು ನಿಂತೆ. "ಸಾರ್, ಜೋಡಿ ಕಣಗಳಲ್ಲಿ ಇಲ್ಲಿರುವುದನ್ನು ಅಳೆದರೆ ದೂರದಲ್ಲಿರುವುದಕ್ಕೆ ಹೇಗೆ ಗೊತ್ತಾಗುತ್ತದೆ?" ಎಂದೆ. "ಅದೆಲ್ಲ ಪರೀಕ್ಷೆಗೆ ಬರೋದಿಲ್ಲಮ್ಮ, ಕೂತ್ಕೋ" ಎಂದರು ಮೇಷ್ಟ್ರು. ಕುಳಿತೆ. ಕೋರ್ಸು ಮುಗಿಯುವವರೆಗೂ ಮತ್ತೆ ಬಾಯಿ ತೆರೆಯಲಿಲ್ಲ.

ಅದು ದೊಡ್ಡವರನ್ನೂ ಕಾಡಿದ ಪ್ರಶ್ನೆಯೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1935ರಲ್ಲಿ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಮೂವರೂ ಕೂಡಿ ಇದನ್ನೇ ಎತ್ತಿದ್ದರು. ಅದೇ ವರ್ಷ ಶ್ರೋಡಿಂಗರ್ ಇದನ್ನು ವಾಹನದ ಸ್ಟಿಯರಿಂಗ್‌ಗೆ ಹೋಲುವ ಮಾತಿನಲ್ಲಿ ವರ್ಣಿಸಿದರು. ಇಲ್ಲಿ ನಾವು ಯಾವ ಬಗೆಯ ಅಳತೆಯನ್ನು ಆರಿಸಿಕೊಳ್ಳುತ್ತೇವೋ ಅದಕ್ಕೆ ತಕ್ಕಂತೆ ದೂರದ ಜೊತೆಗಾರ ಕಣದ ಸ್ಥಿತಿ ಹೊರಳುತ್ತದೆ. ಹಾಗೆಂದು ಅದರ ಮೂಲಕ ಸುದ್ದಿ ಕಳಿಸಲಾಗದು. ಹೆಸರಿಟ್ಟ ಶ್ರೋಡಿಂಗರರಿಗೇ ಈ ವಿಚಾರ ಹಿಡಿಸಲಿಲ್ಲ.

ಇದನ್ನು ಅಳೆದು ನೋಡುವ ದಾರಿಯನ್ನು 1989ರಲ್ಲಿ ತೋರಿಸಿದವರು ಮಾರ್ಗರೆಟ್ ರೀಡ್ ಎಂಬ ವಿಜ್ಞಾನಿ. ಜೋಡಿ ಬೆಳಕಿನ ಕಿರಣಗಳಲ್ಲಿ ಒಂದನ್ನು ಅಳೆದು, ಇನ್ನೊಂದರ ಎರಡು ಗುಣಗಳನ್ನು ಊಹಿಸಬೇಕು. ಎರಡು ಊಹೆಗಳ ತಪ್ಪನ್ನು ಗುಣಿಸಿದಾಗ ಹೈಸನ್‌ಬರ್ಗ್ ನಿಯಮದ ಗೆರೆಗಿಂತ ಕೆಳಗೆ ಬಂದರೆ ಸ್ಟಿಯರಿಂಗ್ ಇದೆಯೆಂದೇ ಅರ್ಥ. 1992ರಲ್ಲಿ ಕ್ಯಾಲಿಫೋರ್ನಿಯಾದ ಪ್ರಯೋಗದಲ್ಲಿ ಹಾಗೆಯೇ ಬಂತು.

ಇದು ಇಬ್ಬರ ಮಾತಾಯಿತು. ಮೂವರಿದ್ದರೆ? ಮೂರನೆಯವರು ಬಂದರೆ ಮನೆಯ ಲೆಕ್ಕವೇ ಬದಲಾಗುವುದು ನಮಗೆ ಗೊತ್ತಿಲ್ಲದ್ದೇ! ನಂಟು ನಿಜವಾಗಿ ಮೂವರದೋ, ಇಬ್ಬರದು ಮಾತ್ರವೋ ಎಂದು ಒರೆಹಚ್ಚಬೇಕು. ಅದಕ್ಕೆ ಬೇಕಾದ ಒರೆಗಲ್ಲನ್ನು 2013ರಲ್ಲಿ ಕೊಟ್ಟವರು ಚೀನಾದ ಚಿಯೊಂಗ್‌ಯಿ ಹೆ ಎಂಬಾಕೆ ಮತ್ತು ಅದೇ ರೀಡ್. 2015ರಲ್ಲಿ ಇವರಿಬ್ಬರೂ ಇದ್ದ ತಂಡ ಹಲವು ಕಿರಣಗಳ ನಡುವಿನ ಸ್ಟಿಯರಿಂಗನ್ನು ಪ್ರಯೋಗದಲ್ಲಿ ಕಂಡಿತು. ಒಬ್ಬರೇ ಬಿಡಿಸಲಾಗದ ಗುಟ್ಟನ್ನು ಇಬ್ಬರು ಕೂಡಿ ಬಿಡಿಸಬಹುದೆಂದೂ ತೋರಿಸಿತು. ಬ್ಯಾಂಕಿನ ಲಾಕರಿಗೆ ನಮ್ಮ ಕೀಲಿಯೂ ಬೇಕು, ಅವರ ಕೀಲಿಯೂ ಬೇಕು, ನೋಡಿ, ಹಾಗೆ.

ಅಂತೂ ನನ್ನ ಪ್ರಶ್ನೆ ಪರೀಕ್ಷೆಗೆ ಬಂತು. ತಂದವರಲ್ಲಿ ಇಬ್ಬರು ಹೆಂಗಸರು. ನಮ್ಮ ತರಗತಿಯಲ್ಲೂ ಇಬ್ಬರಿದ್ದೆವು.

ಈಗ ಅಡುಗೆಯ ನಡುವೆ ಮೊಮ್ಮಗಳು ಬಂದು ಏನಾದರೂ ಕೇಳಿದರೆ, ಒಲೆ ಆರಿಸಿ, ಸೌಟು ಕೆಳಗಿಟ್ಟು ಅವಳ ಜೊತೆ ಕೂರುತ್ತೇನೆ.