ಸುಣ್ಣದ ನೆನಪು, ತಗಡಿನ ಬೇಗೆ

‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’ ಎಂಬ ಗಾದೆಯನ್ನು ನಾವು ಕಲಿತದ್ದು ಕನ್ನಡ ಶಾಲೆಯಲ್ಲಿ. ಮೋಸ ಮಾಡುವುದಕ್ಕೆ ‘ಚೂನಾ ಲಗಾನಾ’ ಎನ್ನುತ್ತಾರೆಂದು ತಿಳಿದದ್ದು ಉರ್ದು ಮಾತಾಡುವ ನಮ್ಮ ಓಣಿಯಲ್ಲಿ. ಎರಡು ಭಾಷೆಗಳೂ ಸುಣ್ಣಕ್ಕೆ ಕೆಟ್ಟ ಹೆಸರನ್ನೇ ಕೊಟ್ಟಿವೆ. ಮನೆಯಲ್ಲಿ ಮಾತ್ರ ಸುಣ್ಣವೆಂದರೆ ಹಬ್ಬದ ಮುನ್ಸೂಚನೆ. ಶಾಬಾನ್ ತಿಂಗಳು ಬಂತೆಂದರೆ ಅಮ್ಮಿ ಸುಣ್ಣದ ಹರಳುಗಳನ್ನು ಮಣ್ಣಿನ ಬಾನಿಯಲ್ಲಿ ಹಾಕಿ ನೀರು ಸುರಿಯುತ್ತಿದ್ದರು. ಬೆಂಕಿಯಿಲ್ಲದೆ ಅದು ಕೊತಕೊತ ಕುದಿಯುವುದನ್ನು ಮಕ್ಕಳಾದ ನಾವು ದೂರದಲ್ಲಿ ಕುಳಿತು ನೋಡುತ್ತಿದ್ದೆವು. ಚಿಟಿಕೆ ನೀಲಿ ಬೆರೆಸಿ ಗೋಡೆಗೆ ಬಳಿದರೆ ಮನೆ ರಮಜಾನಿಗೆ ಸಿದ್ಧ. ಪಕ್ಕದ ಮನೆಯಲ್ಲಿ ಇದೇ ಕೆಲಸ ದಸರೆಗೋ ಯುಗಾದಿಗೋ ನಡೆಯುತ್ತಿತ್ತು. ಇದೆಲ್ಲ ಚೆಂದಕ್ಕೆ, ಶುಚಿಗೆ ಎಂದಷ್ಟೇ ನಾವು ತಿಳಿದಿದ್ದೆವು. ತಂಪಿಗೂ ಹೌದೆಂದು ಯಾರೂ ಬಿಡಿಸಿ ಹೇಳಿರಲಿಲ್ಲ.

ಸುಣ್ಣದ ಕತೆ ಸ್ವಾರಸ್ಯದ್ದು. ಸುಣ್ಣದಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಹರಳು ಸುಣ್ಣ ಉಳಿಯುತ್ತದೆ. ನೀರು ಬಿದ್ದರೆ ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮರಳಿ ಹೀರಿಕೊಂಡು ಮತ್ತೆ ಕಲ್ಲೇ ಆಗುತ್ತದೆ. ರಸಾಯನಶಾಸ್ತ್ರದ ಮಾತಿನಲ್ಲಿ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ವಿಜಯಪುರದ ಗೋಲಗುಮ್ಮಟವನ್ನು ಇಂದಿಗೂ ಹಿಡಿದು ನಿಲ್ಲಿಸಿರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆ. ಅದರಡಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ.

ಬಡವರ ಮನೆಗೆ ಗುಮ್ಮಟವಿರಲಿಲ್ಲ, ಮಣ್ಣಿನ ಮಾಳಿಗೆಯಿತ್ತು. ಆ ದಪ್ಪ ಮಣ್ಣು ಹಗಲಿನ ಬಿಸಿಲನ್ನು ಒಳಗೆ ಬಿಡಲು ಸಂಜೆಯವರೆಗೆ ಸತಾಯಿಸುತ್ತಿತ್ತು. ಸುಣ್ಣದ ಗೋಡೆ ಬಿಸಿಲನ್ನು ಬಂದ ದಾರಿಗೇ ತಿರುಗಿಸುತ್ತಿತ್ತು. ಆಮೇಲೆ ಸಿಮೆಂಟು ಬಂತು, ತಗಡು ಬಂತು. ನಮ್ಮ ಕಡೆ ಪತ್ರಾಸು ಎನ್ನುವ ಆ ತಗಡಿಗೆ ಮಣ್ಣಿನ ದಪ್ಪವೂ ಇಲ್ಲ, ಸುಣ್ಣದ ಬಿಳುಪೂ ಇಲ್ಲ. ಪೇಟೆಗೆ ಕೂಲಿ ಹುಡುಕಿ ಬಂದವನ ಪಾಲಿಗೆ ಅದೇ ಸೂರು.

ಬಿಳಿ ಬಣ್ಣ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವಂಥದ್ದು, ಅದು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಕಡು ಬಣ್ಣದ ಚಾವಣಿ ಬೇಸಿಗೆಯ ಮಧ್ಯಾಹ್ನ 65 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅದೇ ಬಿಸಿಲಿನಲ್ಲಿ ಒಳ್ಳೆಯ ಬಿಳಿ ಚಾವಣಿ ಅದಕ್ಕಿಂತ 25 ಡಿಗ್ರಿಗೂ ಹೆಚ್ಚು ತಂಪಾಗಿರಬಹುದು. ಎರಡನೆಯ ಕೆಲಸ ಕಣ್ಣಿಗೆ ಕಾಣದು. ಕಾದ ವಸ್ತು ಕಾಣದ ಕಿರಣಗಳ ರೂಪದಲ್ಲಿ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆ ಕಿರಣಗಳಲ್ಲಿ ಒಂದು ಭಾಗ ಗಾಳಿಯಲ್ಲಿ ತಡೆಯಿಲ್ಲದೆ ಹಾದು ಅಂತರಿಕ್ಷ ಸೇರುತ್ತದೆ.

ಈ ಎರಡನೆಯ ಗುಟ್ಟನ್ನು ನಮ್ಮ ದೇಶದ ಕೂಲಿಗಳು ವಿಜ್ಞಾನಿಗಳಿಗಿಂತ ಮೊದಲೇ ಬಳಸಿದ್ದರು. ಅಲಹಾಬಾದಿನಲ್ಲಿ ಮಂಜುಗಡ್ಡೆ ತಯಾರಿಸುವ ಬಗೆಯನ್ನು ಸರ್ ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದರು. ಬಯಲಿನಲ್ಲಿ ಸುಮಾರು ಎರಡು ಅಡಿ ಆಳದ ಗುಂಡಿ, ಅದರೊಳಗೆ ಒಣ ದಂಟಿನ ಹಾಸು, ಮೇಲೆ ಸಾಲುಸಾಲಾಗಿ ಮಣ್ಣಿನ ತಟ್ಟೆಗಳು. ಸಂಜೆ ಕಾಯಿಸಿ ಆರಿಸಿದ ನೀರು ತುಂಬುತ್ತಿದ್ದರು. ಸೂರ್ಯ ಹುಟ್ಟುವ ಮೊದಲೇ ಬಂದು ಮಂಜುಗಡ್ಡೆ ಆಯುತ್ತಿದ್ದರು. ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಿಲ್ಲದಿದ್ದರೂ ನೀರು ತನ್ನ ಶಾಖವನ್ನು ಬರಿಯ ಆಕಾಶಕ್ಕೆ ಒಪ್ಪಿಸಿ ಗಡ್ಡೆಯಾಗುತ್ತಿತ್ತು. ಇಬ್ಬನಿಯ ಮೇಲಿನ ತಮ್ಮ ಪ್ರಬಂಧದಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸ್ ಇದರ ಕಾರಣವನ್ನು ವಿವರಿಸಿದ್ದು 1814ರಲ್ಲಿ. ಸಾಹೇಬರ ಹೆಸರು ಪುಸ್ತಕದಲ್ಲಿದೆ, ತಟ್ಟೆ ಜೋಡಿಸಿದ ಕೈಗಳ ಹೆಸರು ಎಲ್ಲಿಯೂ ಇಲ್ಲ.

ರಾತ್ರಿ ಆದದ್ದನ್ನು ಹಗಲಿನಲ್ಲಿ ಮಾಡಲು ಇನ್ನೂರು ವರ್ಷ ಬೇಕಾಯಿತು. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಸ್ವತ್ ರಾಮನ್, ಶಾನ್‌ಹುಯಿ ಫಾನ್ ಮತ್ತು ಸಂಗಡಿಗರು ನೇರ ಬಿಸಿಲಿನಲ್ಲಿಟ್ಟ ಒಂದು ತೆಳು ಪದರವನ್ನು ಸುತ್ತಲಿನ ಗಾಳಿಗಿಂತ 4.9 ಡಿಗ್ರಿ ತಂಪಾಗಿಸಿ ತೋರಿಸಿದರು. 2020ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಶಿಯುಲಿನ್ ರುವಾನ್ ಅವರ ತಂಡ ಬಿಸಿಲಿನ 95.5 ಶೇಕಡಾ ಪಾಲನ್ನು ತಿರುಗಿಸುವ ಬಣ್ಣ ತಯಾರಿಸಿತು. ಮರುವರ್ಷ ಬೇರಿಯಂ ಸಲ್ಫೇಟ್ ಬಳಸಿ ಅದನ್ನು 98.1ಕ್ಕೆ ಏರಿಸಿತು. ಮೊದಲನೆಯ ಬಣ್ಣದಲ್ಲಿ ಅವರು ಬಳಸಿದ ಪುಡಿ ಯಾವುದು? ಕ್ಯಾಲ್ಸಿಯಂ ಕಾರ್ಬೊನೇಟ್! ಕಣಗಳ ಗಾತ್ರ, ಪ್ರಮಾಣಗಳಲ್ಲಿ ಅವರ ಜಾಣ್ಮೆಯಿದೆ, ಒಪ್ಪೋಣ. ವಸ್ತು ಮಾತ್ರ ಅಮ್ಮಿಯ ಬಾನಿಯಿಂದ ಗೋಡೆಗೆ ಹೋಗಿ ಕಲ್ಲಾದದ್ದೇ.

ಹಾಗಾದರೆ ಇದು ಬರಿಯ ಹೆಮ್ಮೆಯ ವಿಷಯವೇ? ಅಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪ 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳಾದವೆಂದು ಆಮೇಲಿನ ಅಧ್ಯಯನ ಲೆಕ್ಕ ಹಾಕಿತು. ಆ ಆಘಾತದಿಂದ 2013ರಲ್ಲಿ ನಗರ ಬಿಸಿಗಾಳಿ ಎದುರಿಸುವ ಯೋಜನೆ ರೂಪಿಸಿಕೊಂಡಿತು. 2017ರಲ್ಲಿ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವ ಕೆಲಸ ಶುರುವಾಯಿತು. ತೆಲಂಗಾಣ 2023ರಲ್ಲಿ ತಂಪು ಚಾವಣಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಇಂಥ ಪ್ರಯತ್ನಗಳಲ್ಲಿ ಕೋಣೆಯೊಳಗಿನ ಸೆಕೆ ಸಾಮಾನ್ಯವಾಗಿ ಎರಡರಿಂದ ಐದು ಡಿಗ್ರಿ ಇಳಿಯುತ್ತದೆ. ಕೂಸನ್ನು ಮಲಗಿಸಿಕೊಂಡು ತಗಡಿನಡಿ ಬೀಡಿ ಸುತ್ತುವ ಹೆಣ್ಣುಮಗಳಿಗೆ ಎರಡು ಡಿಗ್ರಿಯೂ ಸಣ್ಣದಲ್ಲ.

ಬಿಳುಪಿಗೂ ಮಿತಿಗಳಿವೆ. ಮರದ ನೆರಳಿನ ಜಾಗವನ್ನು ಅದು ತುಂಬಲಾರದು. ನುಣುಪು ತಗಡಿನ ಮೇಲೆ ಬರಿ ಸುಣ್ಣ ನಿಲ್ಲುವುದಿಲ್ಲ, ಅಂಟು ಬೇಕು. ಧೂಳು ಕೂತರೆ ಬಿಳುಪು ಮಾಸುತ್ತದೆ, ಮಳೆಗೆ ಸುಣ್ಣ ತೊಳೆದುಹೋಗುತ್ತದೆ. ಒಮ್ಮೆ ಬಳಿದು ಫೋಟೋ ತೆಗೆಸಿಕೊಂಡು ಹೋದರೆ ಎರಡು ಮಳೆಗಾಲದಲ್ಲಿ ತಗಡು ಮತ್ತೆ ತಗಡೇ. ಹಳಬರು ಸುಣ್ಣವನ್ನು ಹಬ್ಬಕ್ಕೆ ಗಂಟು ಹಾಕಿದ್ದರ ಗುಣ ನಮಗೆ ಈಗ ಕಾಣುತ್ತಿದೆ. ಹಬ್ಬ ವರ್ಷವರ್ಷವೂ ಬರುತ್ತದೆ, ಯಾರೂ ಆದೇಶ ಹೊರಡಿಸಬೇಕಾಗಿಲ್ಲ.

ಉಳ್ಳವರ ಏಸಿ ಒಳಗಿನ ಸೆಕೆಯನ್ನು ಓಣಿಗೆ ಚೆಲ್ಲುತ್ತದೆ. ಆ ಓಣಿಯಲ್ಲೇ ತಗಡಿನ ಮನೆಗಳಿವೆ. ಒಂದು ಕಣ್ಣಿಗೆ ಬೆಣ್ಣೆ ಎಂದರೆ ಇದೇ. ಇನ್ನೊಂದು ಕಣ್ಣಿನ ಪಾಲಿಗೆ ಈಗ ಸುಣ್ಣವೂ ಬಂದಿಲ್ಲ. ಮುಂದಿನ ಶಾಬಾನಿನಲ್ಲೋ ಯುಗಾದಿಯಲ್ಲೋ ನಮ್ಮ ಗೋಡೆಗೆ ಬಣ್ಣ ತರುವಾಗ, ಹಿಂದಿನ ಓಣಿಯ ಒಂದು ಸೂರಿಗಾಗುವಷ್ಟು ಬಿಳಿಯನ್ನೂ ತಂದರೆ ಗಾದೆಯ ಅರ್ಥ ಅಷ್ಟಾದರೂ ತಿದ್ದೀತು.