ಟ್ಯಾಂಕಿನ ಒಳಗೆ ಕೂತವರು

ದಿಲ್ಲಿಯ ಕರೋಲ್ ಬಾಗ್‌ನಲ್ಲಿರುವ ಗಫಾರ್ ಮಾರ್ಕೆಟ್ ಹೆಸರನ್ನು ನೀವು ಕೇಳಿರಬಹುದು. ಅಹಿಂಸೆಗಾಗಿ ಬದುಕಿದ ಖಾನ್ ಅಬ್ದುಲ್ ಗಫಾರ್ ಖಾನ್ ಅವರ ಹೆಸರು ಹೊತ್ತ ಆ ಮಾರುಕಟ್ಟೆಯಲ್ಲಿ ಇವತ್ತು ಮೊಬೈಲ್ ಬಿಡಿಭಾಗಗಳದ್ದೇ ದರ್ಬಾರು: ಪುಟ್ಟ ಕ್ಯಾಮೆರಾ, ಬ್ಯಾಟರಿ, ಸರ್ಕ್ಯೂಟ್ ಬೋರ್ಡು. ಯುಕ್ರೇನ್ ಯುದ್ಧದಲ್ಲಿ ಟ್ಯಾಂಕುಗಳನ್ನು ಸುಡುತ್ತಿರುವ ಡ್ರೋನ್‌ಗಳು ತಯಾರಾಗುವುದೂ ಹೆಚ್ಚುಕಡಿಮೆ ಇಂಥ ಅಗ್ಗದ ಸಾಮಾನುಗಳಿಂದಲೇ. ಸುಮಾರು 500 ಡಾಲರ್‌ನ ಡ್ರೋನ್ ಲಕ್ಷಾಂತರ ಡಾಲರ್‌ನ ಟ್ಯಾಂಕನ್ನು ಕೆಡವುತ್ತಿದೆ. ಹಾಗಾದರೆ ಟ್ಯಾಂಕಿನ ಕಾಲ ಮುಗೀತಾ ಅಂತ ಎಲ್ಲರೂ ಕೇಳ್ತಾರೆ.

ಈ ಪ್ರಶ್ನೆ ಹೊಸದಲ್ಲ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಆಗ ಹೆಸರಾಂತ ಅಮೆರಿಕನ್ ಟ್ಯಾಂಕುಗಳು. ಅವುಗಳಿಗೆ ಎದುರಾದವರು 4 ಗ್ರೆನೇಡಿಯರ್ಸ್‌ನ ಅಬ್ದುಲ್ ಹಮೀದ್; ಗಾಜೀಪುರ ಜಿಲ್ಲೆಯ ಧಾಮೂಪುರದವರು, ದರ್ಜಿಯ ಮಗ. ಅವರ ಬಳಿ ಇದ್ದದ್ದು ತೆರೆದ ಜೀಪಿನ ಮೇಲೆ ಕೂರಿಸಿದ 106 ಮಿ.ಮೀ. ತೋಪು, ಅಡಗಲು ಬೆಳೆದು ನಿಂತ ಪೈರು. ಹಲವು ಟ್ಯಾಂಕುಗಳನ್ನು ಹೊಡೆದುರುಳಿಸಿ ಸೆಪ್ಟೆಂಬರ್ 10ರಂದು ಹುತಾತ್ಮರಾದರು. ಮರಣೋತ್ತರ ಪರಮವೀರ ಚಕ್ರ ಬಂತು. ಅಂದರೆ ಅಗ್ಗದ ಆಯುಧ ದುಬಾರಿ ಉಕ್ಕನ್ನು ಸೋಲಿಸಿದ್ದು ಇದೇ ಮೊದಲಲ್ಲ. ಹಾಗಿದ್ದರೂ ಆಮೇಲೆ ಟ್ಯಾಂಕ್ ಮಾಯವಾಗಲಿಲ್ಲ.

ನಾವು ಮಕ್ಕಳಿಗೆ ಟ್ಯಾಂಕುಗಳ ಲೆಕ್ಕ ಹೇಳಿಕೊಡ್ತೀವಿ. ಒಳಗೆ ಕೂತಿದ್ದ ಮನುಷ್ಯರ ಲೆಕ್ಕ ಹೇಳೋದಿಲ್ಲ. ಅಲ್ಲಿರುವವರು ಬದುಕುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಒಂದು ಸಂಗತಿಯ ಮೇಲೆ ನಿಂತಿದೆ: ಶೆಲ್‌ಗಳನ್ನು ಎಲ್ಲಿ ಇಟ್ಟಿದ್ದಾರೆ?

ಸೋವಿಯತ್ ವಿನ್ಯಾಸದ ಟಿ-72ರಲ್ಲಿ ಮೂವರು ಸೈನಿಕರು. ತೋಪಿಗೆ ತಾನಾಗಿ ಶೆಲ್ ತುಂಬುವ ಯಂತ್ರ ಇರುವುದರಿಂದ ನಾಲ್ಕನೆಯವನು ಬೇಕಿಲ್ಲ. ಟ್ಯಾಂಕ್ ಚಿಕ್ಕದಾಯಿತು, ಅಗ್ಗವೂ ಆಯಿತು. ಆದರೆ 22 ಶೆಲ್‌ಗಳ ಆ ಚಕ್ರ ಇರುವುದು ಕಮಾಂಡರ್ ಮತ್ತು ಗನ್ನರ್ ಕೂರುವ ಜಾಗದ ಕೆಳಗೇ. ಮುಂಭಾಗದ ಉಕ್ಕು ದಪ್ಪ, ನೆತ್ತಿಯದು ತೆಳು. ಡ್ರೋನ್ ಬರುವುದು ಮೇಲಿಂದ. ಒಳಗೆ ಬೆಂಕಿ ತಗುಲಿ ಶೆಲ್‌ಗಳೆಲ್ಲ ಒಟ್ಟಿಗೆ ಸಿಡಿದರೆ ತೋಪಿನ ಗೋಪುರವೇ ಹಾರಿಹೋಗುತ್ತದೆ. ಹೊರಗೆ ಜಿಗಿಯಲು ಪುರಸೊತ್ತು ಎಲ್ಲಿ? ಅಮೆರಿಕದ ಅಬ್ರಾಮ್ಸ್‌ನಲ್ಲಿ ಹೆಚ್ಚಿನ ಶೆಲ್‌ಗಳಿಗೆ ಗೋಪುರದ ಹಿಂದೆ ಬೇರೆ ಕೋಣೆ, ನಡುವೆ ಉಕ್ಕಿನ ಬಾಗಿಲು. ಸಿಡಿದರೆ ಆ ಕೋಣೆಯ ಮೇಲಿನ ಹಲಗೆ ಕಿತ್ತು ಬೆಂಕಿ ಹೊರಗೆ ಹೋಗುತ್ತದೆ. ಟ್ಯಾಂಕ್ ಹಾಳಾದರೂ ಒಳಗಿನ ನಾಲ್ವರು ಉಳಿಯುವ ಸಾಧ್ಯತೆ ಹೆಚ್ಚು.

ಇದು ದೂರದ ಮಾತಲ್ಲ. ನಮ್ಮ ಸೇನೆಯ ಟಿ-72 'ಅಜೇಯ' ಮತ್ತು ಟಿ-90 'ಭೀಷ್ಮ' ಎರಡರಲ್ಲೂ ಚಕ್ರ ಕೆಳಗೇ ಇದೆ. ಅವುಗಳಲ್ಲಿ ಕೂರುವವರು ನಮ್ಮ ನಿಮ್ಮ ಊರಿನ ಹುಡುಗರೇ ಅಲ್ವಾ?

ವಿದ್ಯಾರ್ಥಿಗಳೇ, ಟ್ಯಾಂಕ್ ಉರಿಯುವ ವಿಡಿಯೊ ಮೊಬೈಲಿಗೆ ಬಂದಾಗ ಯಾರದ್ದು ಅಂತ ಕೇಳುವ ಮೊದಲು, ಅದರ ಮುಚ್ಚಳ ತೆರೆಯಿತಾ, ಎಷ್ಟು ಜನ ಹೊರಗೆ ಬಂದರು ಅಂತ ನೋಡಿ. ಆ ಕಡೆಯವರಾದರೂ ಸರಿ.